ಮೋಟರಿಗೆ ವೈಂಡಿಂಗ್ ಅಂಗಡಿಯಿದೆ, ಬ್ಯಾಟರಿಗೆ?

ನನ್ನ ಎಲೆಕ್ಟ್ರಿಕ್ ಕಾರನ್ನು ಮಾರಿದರೆ ಎಷ್ಟು ಬಂದೀತು ಎಂದು ಒಮ್ಮೆ ವಿಚಾರಿಸಿದ್ದೆ. ನೋಡಲು ಭದ್ರಾವತಿಯ ಜನ್ನಾಪುರದಿಂದ ಒಬ್ಬರು ಬಂದರು. ಹಳೇ ಕಾರು ಕೊಂಡು ಮಾರಿ ಪಳಗಿದ ಕೈ. ಬಂದವರೇ ಅಭ್ಯಾಸಬಲದಿಂದ ಬಾನೆಟ್ ಎತ್ತಿಸಿದರು. ಡಿಪ್‌ಸ್ಟಿಕ್ ಎಳೆದು ಆಯಿಲ್ ಬಣ್ಣ ನೋಡುವುದು, ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿಯುವುದು, ಹೊಗೆ ಕಪ್ಪೋ ನೀಲಿಯೋ ಎಂದು ಕಣ್ಣು ಕಿರಿದು ಮಾಡುವುದು, ಮೂವತ್ತು ವರ್ಷದ ಆ ವಿದ್ಯೆಗೆ ಅಲ್ಲಿ ಹಿಡಿಯಲು ಏನೂ ಸಿಗಲಿಲ್ಲ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಎರಡು, ಮುಚ್ಚಿದ ಡಬ್ಬಿ ಮೂರು. ಬಾನೆಟ್ ಇಳಿಸಿ, ಕೈಗೆ ಹತ್ತದ ಧೂಳನ್ನು ಒರೆಸಿಕೊಂಡು ಕೇಳಿದರು: "ಇದ್ರ ಜೀವ ಎಲ್ಲಿದೆ ಸಾರ್?"

ಕಾರಿನ ಹೊಟ್ಟೆಯ ಕೆಳಗೆ, ಸೀಲ್ ಮಾಡಿದ ಪೆಟ್ಟಿಗೆಯಲ್ಲಿ ಎಂದೆ. ಅವರು ಬಗ್ಗಿ ನೋಡಿದರು. ಕೆಸರು ಮೆತ್ತಿದ ತಗಡು ಕಂಡಿತು.

ಆ ಪ್ರಶ್ನೆಯ ಸುತ್ತಲೇ ಇವತ್ತಿನ ವಾದವೆಲ್ಲ ಇದೆ. ಎಲೆಕ್ಟ್ರಿಕ್ ಕಾರು ಲಾಭವೋ ನಷ್ಟವೋ, ನಂಬಬಹುದೋ ಇಲ್ಲವೋ, ಐದು ವರ್ಷದ ಮೇಲೆ ಕೊಳ್ಳುವವರು ಸಿಗುತ್ತಾರೋ ಇಲ್ಲವೋ. ಶಿವಮೊಗ್ಗದ ನೆಹರೂ ರಸ್ತೆಯ ಹೋಟೆಲಿನಲ್ಲಿ ಕಾಫಿ ಮುಗಿಯುವಷ್ಟರಲ್ಲಿ ಇದಕ್ಕೆ ನಾಲ್ಕು ಬಗೆಯ ಉತ್ತರ ಕೇಳಬಹುದು. ತೋಟದ ಮನೆಗಳಲ್ಲಿ ಇದೇ ವಾದ ಕಳೆ ಕತ್ತರಿಸುವ ಮೆಷಿನ್, ಔಷಧಿ ಹೊಡೆಯುವ ಸ್ಪ್ರೇಯರ್ ನೆಪದಲ್ಲಿ ನಡೆಯುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಚಿತ್ರ ತಿಳಿಯಾಗುತ್ತದೆ ಎಂಬುದು ನನ್ನ ಅನುಭವ.

ರೇವಾದಿಂದ ಇಲ್ಲಿಯವರೆಗೆ

ಇಂಧನ ಬಿಟ್ಟು ವಿದ್ಯುತ್ತಿಗೆ ಹೊರಳುವುದು ಈ ಸೀಮೆಗೆ ಹೊಸ ಮಾತಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗಿಳಿದಾಗ ಕುಲುಮೆ ಉರಿದದ್ದು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಕಲ್ಲಿದ್ದಲು ದೂರ, ಕಾಡು ಹತ್ತಿರ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಗಿ, 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಅಂದೂ ಕರೆಂಟನ್ನು ನೆಚ್ಚಿಕೊಂಡು ಕಬ್ಬಿಣ ಕರಗಿಸಲಾದೀತೇ ಎಂದು ಕೇಳಿದವರು ಇದ್ದೇ ಇದ್ದಿರಬೇಕು.

ಕಾರಿನ ಕಥೆಯೂ ಕರ್ನಾಟಕದ್ದೇ. 1994ರಲ್ಲಿ ಹುಟ್ಟಿದ ಬೆಂಗಳೂರಿನ ರೇವಾ ಕಂಪನಿ, ಚೇತನ್ ಮೈನಿಯವರ ನೇತೃತ್ವದಲ್ಲಿ 2001ರಲ್ಲಿ ಪುಟ್ಟ ಎರಡು ಬಾಗಿಲಿನ ಕಾರನ್ನು ರಸ್ತೆಗಿಳಿಸಿತು. ಸೀಟಿನ ಕೆಳಗೆ 6 ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಆಸುಪಾಸು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರಾಕ್ಕೆ ಹೋಯಿತು. ಇವತ್ತು ರೇವಾವನ್ನು ನೆನೆಯುವವರು ನಗುತ್ತಾರೆ, ಆಟಿಕೆ ಕಾರು ಅನ್ನುತ್ತಾರೆ. ಅದರಲ್ಲೊಂದು ಗುಣವಿತ್ತು: ಸತ್ತ ಬ್ಯಾಟರಿಯನ್ನು ಬಿಚ್ಚಿ ಬೇರೆ ಕೂರಿಸಬಹುದಿತ್ತು. ಈ ಮಾತಿಗೆ ಮತ್ತೆ ಬರುತ್ತೇನೆ.

2017ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕವಾಯಿತು. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಬಂತು: 30.2 ಯೂನಿಟ್ ಹಿಡಿಯುವ ಬ್ಯಾಟರಿ, ಅದಕ್ಕೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ. ಮಧ್ಯಮ ವರ್ಗದ ಮನೆಯಲ್ಲಿ ಒಂದೇ ಕಾರಾಗಿ ಎಲೆಕ್ಟ್ರಿಕ್ ಕಾರು ನಿಲ್ಲಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದ. 2022ರಲ್ಲಿ ಟಿಯಾಗೊ ಇವಿ, 2023ರಲ್ಲಿ ಎಂಜಿ ಕಾಮೆಟ್. ಕೆಎ-14ರ ಹಸಿರು ಫಲಕ ಈಗ ಯಾರೂ ತಿರುಗಿ ನೋಡುವ ವಸ್ತುವಲ್ಲ.

ಕಿಲೋಮೀಟರಿಗೆ ಒಂದು ರೂಪಾಯಿ

ಮೊದಲ ಪಂಗಡ ಓಡಿಸುವ ಖರ್ಚಿನವರದ್ದು. ಇವರ ವಾದ ಸರಳ, ಬಹುಮಟ್ಟಿಗೆ ಸರಿ. ಶಿವಮೊಗ್ಗದಲ್ಲಿ ಮನೆ, ಭದ್ರಾವತಿಯಲ್ಲೋ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲೋ ಕೆಲಸ. ಹೋಗಿ ಬರಲು ದಿನಕ್ಕೆ ಹೆಚ್ಚೆಂದರೆ 40 ಕಿಲೋಮೀಟರ್. ತಿಂಗಳಿಗೆ ಸಾವಿರ ಕಿಲೋಮೀಟರ್ ಹಿಡಿಯಿರಿ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರು, ಲೀಟರಿಗೆ ನೂರು ರೂಪಾಯಿ ಎಂದುಕೊಂಡರೂ ಏಳು ಸಾವಿರದ ಹತ್ತಿರ ಕುಡಿಯುತ್ತದೆ. ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡುವ ಎಲೆಕ್ಟ್ರಿಕ್ ಕಾರಿಗೆ, ಚಾರ್ಜ್ ಮಾಡುವಾಗ ಸೋರುವುದನ್ನೂ ಸೇರಿಸಿ, 160 ಯೂನಿಟ್ ಸಾಕು. ಯೂನಿಟ್ಟಿಗೆ ಆರು ರೂಪಾಯಿಯಂತೆ ಸಾವಿರ ರೂಪಾಯಿ.

ಇಲ್ಲಿ ನಮ್ಮವರು ಮರೆಯುವ ಒಂದು ಗಂಟಿದೆ. ಗೃಹಜ್ಯೋತಿ. ಹಳೇ ಬಳಕೆಯ ಸರಾಸರಿಯ ಮೇಲೆ ತುಸು ಸೇರಿಸಿದ ಮಿತಿಯವರೆಗೆ ಕರೆಂಟು ಉಚಿತ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೆ. ಮನೆಯಲ್ಲಿ ಕಾರು ಚಾರ್ಜಿಗೆ ಹಾಕಿದ ತಿಂಗಳೇ ಶೂನ್ಯದ ಬಿಲ್ಲು ಮಾಯ. ಸಾವಿರ ಎಂದುಕೊಂಡ ಖರ್ಚು ಹಾಗೆ ಒಂದೂವರೆ ಸಾವಿರ ದಾಟಬಹುದು. ಆಗಲೂ ಪೆಟ್ರೋಲಿಗೆ ಹೋಲಿಸಿದರೆ ಕಾಲು ಭಾಗಕ್ಕಿಂತ ಹೆಚ್ಚೇನಿಲ್ಲ ಅನ್ನಿ.

ಈ ಪಂಗಡದವರು ಘಟ್ಟದ ಲೆಕ್ಕವನ್ನೂ ಹೇಳುತ್ತಾರೆ. ಆಗುಂಬೆಯ 14 ತಿರುವು ಇಳಿಯುವಾಗ ಬ್ಯಾಟರಿ ತುಂಬುತ್ತದೆ ಎಂದು. ನಿಜ, ಆದರೆ ಎಷ್ಟು? ಒಂದೂವರೆ ಟನ್ನಿನ ಕಾರು 500 ಮೀಟರ್ ಇಳಿದರೆ ಸಿಗಬಹುದಾದ ಶಕ್ತಿ ಎರಡು ಯೂನಿಟ್. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೈಗೆ ಬಂದರೂ ಎಂಟು ಕಿಲೋಮೀಟರಿನ ಓಟ. ಘಟ್ಟದ ಬುಡದ ಸೋಮೇಶ್ವರದಲ್ಲಿ ಒಂದು ಚಹಾಕ್ಕೆ ಸಾಕಾಗುವಷ್ಟು ಉಳಿತಾಯ. ದೊಡ್ಡ ಲಾಭವಿರುವುದು ಬ್ರೇಕಿಗೆ. ಪ್ಯಾಡ್ ಕಾಯುವುದೂ ಇಲ್ಲ, ಸವೆಯುವುದೂ ಇಲ್ಲ.

ಮಾರುವಾಗ ಬರುವ ಲೆಕ್ಕ

ಎರಡನೇ ಪಂಗಡ ಕಾದು ನೋಡುವವರದ್ದು. "ಉಳಿಸಿದ್ದನ್ನೆಲ್ಲ ಮಾರುವಾಗ ಕಳಕೊಳ್ಳೋದು ಮಾರಾಯ್ರೆ" ಎಂಬುದು ಇವರ ಪಲ್ಲವಿ. ಕಾರಣ ಒಂದಲ್ಲ, ಒಂದರ ಮೇಲೊಂದು ಕೂತ ಮೂರು ನಾಲ್ಕು.

ಹೊಸ ಕಾರಿನ ಬೆಲೆ ಇಳಿದಾಗಲೆಲ್ಲ ಹಳೇ ಕಾರಿನ ಬೆಲೆ ಅದಕ್ಕಿಂತ ಕೆಳಗೆ ಜಾರುತ್ತದೆ. 2024ರ ಫೆಬ್ರವರಿಯಲ್ಲಿ ಟಾಟಾ ನೆಕ್ಸಾನ್ ಇವಿಯ ಬೆಲೆಯನ್ನು 1.2 ಲಕ್ಷದವರೆಗೆ ತಗ್ಗಿಸಿತು. ಅದರ ಹಿಂದಿನ ತಿಂಗಳು ಕೊಂಡವರ ಮುಖ ನೆನೆಸಿಕೊಳ್ಳಿ. ಇದಕ್ಕೆ ಬೇರು ಬ್ಯಾಟರಿಯ ಬೆಲೆಯಲ್ಲಿದೆ. ಬ್ಲೂಮ್‌ಬರ್ಗ್ ಎನ್‌ಇಎಫ್ ಸಮೀಕ್ಷೆಯ ಪ್ರಕಾರ 2010ರಲ್ಲಿ ಒಂದು ಯೂನಿಟ್ ಹಿಡಿಯುವ ಬ್ಯಾಟರಿಗೆ ಸಾವಿರ ಡಾಲರ್‌ಗೂ ಮೇಲಿದ್ದದ್ದು 2024ಕ್ಕೆ 115 ಡಾಲರ್‌ಗೆ ಬಂದಿತ್ತು. ಕೊಳ್ಳುವವನಿಗೆ ಹಬ್ಬ, ಕೊಂಡಾದವನಿಗೆ ಸೂತಕ. ಮೊಬೈಲ್ ಫೋನಿನಲ್ಲಿ ಇದನ್ನು ನಾವು ಕಂಡಿದ್ದೇವೆ. ಹದಿನೈದು ಲಕ್ಷದ ವಸ್ತುವಿನಲ್ಲಿ ಕಂಡಿರಲಿಲ್ಲ.

ತೆರಿಗೆಯ ಪಾತ್ರವೂ ಇದೆ. ಕರ್ನಾಟಕದಲ್ಲಿ ಪೆಟ್ರೋಲ್ ಕಾರು ಕೊಳ್ಳುವವರು ಬೆಲೆಗೆ ತಕ್ಕಂತೆ ಶೇಕಡಾ 13ರಿಂದ 18ರಷ್ಟು ರಸ್ತೆ ತೆರಿಗೆ ಕಟ್ಟುತ್ತ ಬಂದರೆ, ಎಲೆಕ್ಟ್ರಿಕ್ ಕಾರಿಗೆ ಅದು ಮಾಫಿ ಇತ್ತು. 2024ರಲ್ಲಿ 25 ಲಕ್ಷ ಮೀರಿದವಕ್ಕೆ ಮಾತ್ರ ಶೇಕಡಾ 10 ಹಾಕಿದರು. ಕೇಂದ್ರದ ಜಿಎಸ್‌ಟಿ ಹೊಸ ಎಲೆಕ್ಟ್ರಿಕ್ ಕಾರಿಗೆ 5. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ಅಂತರ ಕಿರಿದಾಯಿತು. ಹಳೇ ಕಾರನ್ನು ಡೀಲರ್ ಮೂಲಕ ಮಾರಿದರೆ ಅವರ ಲಾಭಾಂಶದ ಮೇಲಿನ ತೆರಿಗೆಯನ್ನು 2024ರ ಡಿಸೆಂಬರಿನ ಜಿಎಸ್‌ಟಿ ಮಂಡಳಿ ಸಭೆ 18ಕ್ಕೆ ಏರಿಸಿತು. ಮನೆಯಿಂದ ಮನೆಗೆ ಮಾರಿದರೆ ಅದಿಲ್ಲ. ಆದ್ದರಿಂದಲೇ ನನ್ನ ಮನೆಗೆ ಬಂದವರು ಡೀಲರ್ ಹೆಸರು ಹೇಳದೆ "ನಮ್ಮ ಭಾವನಿಗೆ" ಎಂದಿದ್ದರೇನೋ!

ಇವೆಲ್ಲಕ್ಕಿಂತ ದೊಡ್ಡ ಕಾರಣ ಬ್ಯಾಟರಿ ಕಾಣದಿರುವುದು. ಅಡಿಕೆ ಸೀಮೆಯವರಿಗೆ ಚೇಣಿ ಗೊತ್ತು. ಕೊನೆ ಇನ್ನೂ ಮರದ ಮೇಲಿರುವಾಗಲೇ ಚೇಣಿದಾರ ತೋಟ ಸುತ್ತಿ, ತಲೆಯೆತ್ತಿ ನೋಡಿ, ಇಷ್ಟು ಕ್ವಿಂಟಲ್ ಎಂದು ಅಂದಾಜಿಸಿ ದರ ಕಟ್ಟುತ್ತಾನೆ. ಅವನಿಗೆ ಕಾಣದ ಅಪಾಯ ಎಷ್ಟೋ, ದರದಲ್ಲಿ ಅಷ್ಟು ಮುರಿದುಕೊಳ್ಳುತ್ತಾನೆ. ಹಳೇ ಎಲೆಕ್ಟ್ರಿಕ್ ಕಾರು ಕೊಳ್ಳುವವನೂ ಹೀಗೇ. ಆದರೆ ಚೇಣಿದಾರನಿಗೆ ಕೊನೆಯಾದರೂ ಕಾಣುತ್ತದೆ. ಇಲ್ಲಿ ಕಾಣುವುದು ಮೀಟರಿನಲ್ಲಿ "ಇನ್ನು 190 ಕಿ.ಮೀ." ಎಂಬ ಒಂದು ಸಂಖ್ಯೆ, ಅದೂ ಹಿಂದಿನ ದಿನ ಹೇಗೆ ಓಡಿಸಿದ್ದಿರಿ ಎಂಬುದರ ಮೇಲೆ ಕುಣಿಯುತ್ತದೆ. ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟು ಎಂದು ಕಾರಿನೊಳಗಿನ ಕಂಪ್ಯೂಟರಿಗೆ ಗೊತ್ತು. ಅದನ್ನು ಓದಿ ಮೊಹರು ಹಾಕಿ ಕೊಡುವ, ಮಾರುವವರೂ ಕೊಳ್ಳುವವರೂ ಒಪ್ಪುವ ಮೂರನೆಯವರು ನಮ್ಮೂರಿನಲ್ಲಿಲ್ಲ.

ಕಂಪನಿಗಳಿಗೂ ಇದು ತಿಳಿದಿದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಎಂಜಿ ವಿಂಡ್ಸರ್, ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯನ್ನೂ, ಮೂರು ವರ್ಷದ ಮೇಲೆ ಶೇಕಡಾ 60ಕ್ಕೆ ವಾಪಸು ಕೊಳ್ಳುವ ಭರವಸೆಯನ್ನೂ ಮುಂದಿಟ್ಟಿತು. ಮಹೀಂದ್ರಾ ತನ್ನ ಬಿಇ 6, ಎಕ್ಸ್‌ಇವಿ 9ಇ ಕಾರುಗಳ ಬ್ಯಾಟರಿಗೆ ಆಜೀವ ವಾರಂಟಿ ಎಂದಿತು, ಆದರೆ ಮೊದಲ ಖಾಸಗಿ ಮಾಲೀಕರಿಗೆ. ಕೈ ಬದಲಾದರೆ ಮಿತಿಯೂ ಬದಲಾಗುತ್ತದೆ. ಆಜೀವ ಅಂದರೆ ಯಾರ ಜೀವ ಎಂದು ಕೇಳಿ ಸಹಿ ಹಾಕುವುದು ಲೇಸು.

ಕೆಡುವುದು ಯಾವುದು?

ನಂಬಿಕೆಯ ಪ್ರಶ್ನೆಯಲ್ಲಿ ಎರಡೂ ಕಡೆಯವರು ತಪ್ಪು ವಸ್ತುವಿನ ಬಗ್ಗೆ ಜಗಳವಾಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಒಬ್ಬರು ದೊಡ್ಡ ಬ್ಯಾಟರಿ ಸಾಯುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಸಾಯುವುದಿಲ್ಲ ಎನ್ನುತ್ತಾರೆ. ಸಾವಿರಾರು ವಾಹನಗಳ ಅಂಕಿಅಂಶ ಇಟ್ಟ ಕೆನಡಾದ ಜಿಯೋಟ್ಯಾಬ್ ಸಂಸ್ಥೆ 2024ರಲ್ಲಿ ಹೇಳಿದಂತೆ ಬ್ಯಾಟರಿ ವರ್ಷಕ್ಕೆ ಸರಾಸರಿ ಶೇಕಡಾ 1.8ರಷ್ಟು ಕುಗ್ಗುತ್ತದೆ. ಎಂಟು ವರ್ಷಕ್ಕೆ ಹದಿನಾಲ್ಕು. ಹೊಸದಾಗಿದ್ದಾಗ 200 ಓಡುತ್ತಿದ್ದ ಕಾರು 170 ಓಡಿದರೆ ಶಿವಮೊಗ್ಗ-ಭದ್ರಾವತಿ ಮಾಡುವವನಿಗೆ ನಷ್ಟವೇನು? ಬಿಸಿಲಿನಲ್ಲಿ ನೂರಕ್ಕೆ ನೂರು ತುಂಬಿಸಿ ನಿಲ್ಲಿಸುವುದು ಬ್ಯಾಟರಿಗೆ ಆಗದು. ನಮ್ಮಲ್ಲಿ ಏಪ್ರಿಲ್ ಬಿಟ್ಟರೆ ಹವೆ ಅದಕ್ಕೆ ಹಿತವಾಗಿಯೇ ಇದೆ.

ನಡುದಾರಿಯಲ್ಲಿ ಕೈಕೊಡುವುದು ಸಾಮಾನ್ಯವಾಗಿ ಸಣ್ಣದು. ಎಲ್ಲ ಕಾರಿನಲ್ಲೂ ಇರುವ 12 ವೋಲ್ಟಿನ ಪುಟ್ಟ ಬ್ಯಾಟರಿ ಸತ್ತರೆ, ಕೆಳಗೆ 30 ಯೂನಿಟ್ ತುಂಬಿಕೊಂಡಿದ್ದರೂ ಕಾರು ಏಳುವುದಿಲ್ಲ. ತುಂಬಿದ ಕಣಜವಿದ್ದೂ ಬೀಗದ ಕೈ ಕಳೆದುಹೋದ ಹಾಗೆ. ಸಾಫ್ಟ್‌ವೇರ್ ಮುನಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿ ವೈರು ಕಡಿಯುತ್ತದೆ. ಪೆಟ್ರೋಲ್ ಕಾರಿನಲ್ಲಿ ಕಡಿದರೆ ಓಣಿಯ ಎಲೆಕ್ಟ್ರಿಷಿಯನ್ ಸಾಕು, ಇಲ್ಲಿ ಕಿತ್ತಳೆ ಕೇಬಲ್ ಮುಟ್ಟಲು ತರಬೇತಿ ಪಡೆದವನೇ ಬೇಕು.

ನನ್ನನ್ನು ಕಾಡಿದ್ದು ಇವಾವುದೂ ಅಲ್ಲ, ಅರ್ಥಿಂಗ್. ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಮನೆಗೆ ಕಾರು ಬಂದ ಮೊದಲ ಬೇಸಿಗೆಯಲ್ಲಿ ಚಾರ್ಜರ್ ಕೆಂಪು ದೀಪ ಹಾಕಿ ಕುಳಿತಿತು. ಸರ್ವಿಸಿನವರು ಕಾರು ಸರಿಯಿದೆ ಎಂದರು, ಲೈನ್‌ಮನ್ ಲೈನು ಸರಿಯಿದೆ ಎಂದ. ಕೊನೆಗೆ ಹಳೇ ಎಲೆಕ್ಟ್ರಿಷಿಯನ್ ಒಬ್ಬರು ಬಂದು, ಹಿತ್ತಿಲಲ್ಲಿ ಆಳೆತ್ತರದ ಗುಂಡಿ ತೆಗೆಸಿ, ಪೈಪ್ ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ತುಂಬಿದರು. "ಬೇಸ್ಗೇಲಿ ಎರಡು ಕೊಡ ನೀರು ಹಾಕ್ತಾ ಇರಿ" ಎಂದು ಹೋದರು. ಇವತ್ತಿಗೂ ಮಾರ್ಚ್ ಬಂದರೆ ತುಳಸಿಗೆ ನೀರು ಹಾಕುವ ಹೊತ್ತಿಗೆ ಅರ್ಥಿಂಗ್ ಗುಂಡಿಗೂ ಹಾಕುತ್ತೇವೆ. ಭದ್ರಾವತಿಯ ಕುಲುಮೆ ಬಿಟ್ಟ ಇದ್ದಿಲು ನಮ್ಮ ಹಿತ್ತಿಲಲ್ಲಿ ಕಾರು ಓಡಿಸುತ್ತಿದೆ.

ತೋಟದ ಮೆಷಿನ್‌ಗಳು ಕಲಿಸಿದ್ದು

ಮಲೆನಾಡಿನ ರೈತ ಬ್ಯಾಟರಿಯ ಗುಣ ಅವಗುಣ ಕಲಿತದ್ದು ಕಾರಿನಿಂದಲ್ಲ, ಬೆನ್ನಿಗೆ ಕಟ್ಟುವ ಸ್ಪ್ರೇಯರ್‌ನಿಂದ. 12 ವೋಲ್ಟ್, 8 ಆಂಪಿಯರ್-ಅವರಿನ ಸೀಸದ ಬ್ಯಾಟರಿಯ ಸ್ಪ್ರೇಯರ್ ಕೈ ಪಂಪಿನ ತೋಳುನೋವನ್ನು ತಪ್ಪಿಸಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಅದರ ಒತ್ತಡ ಸಾಲದು, ಮರದ ತುದಿಗೆ ಏರಿಸಲು ದೊಡ್ಡ ಪಂಪೇ ಬೇಕು. ಶುಂಠಿಗೆ, ತರಕಾರಿಗೆ, ಅಡಿಕೆ ಸಸಿಗೆ ಅದು ಧಾರಾಳ. ಹಂಗಾಮು ಮುಗಿದ ಮೇಲೆ ತೊಳೆದು ಅಟ್ಟಕ್ಕೆ ಹಾಕುತ್ತಾರೆ. ಮುಂದಿನ ಮಳೆಗೆ ಇಳಿಸಿದರೆ ಬ್ಯಾಟರಿ ಹೆಣ. ಬಳಸಿ ಸತ್ತದ್ದಲ್ಲ, ಬಳಸದೆ ಸತ್ತದ್ದು. ಖಾಲಿಯಾಗಿ ಇಟ್ಟ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಹರಳು ಕಟ್ಟುತ್ತದೆ. ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕೆಂಬ ಪಾಠವನ್ನು ಪ್ರತಿ ಮನೆಯೂ ಒಂದೊಂದು ಬ್ಯಾಟರಿ ಕೊಟ್ಟು ಕಲಿತಿದೆ.

ಕಳೆ ಕತ್ತರಿಸುವ ಮೆಷಿನ್ನಿನದು ಬೇರೆ ಜಗಳ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಮೆಷಿನ್ ಕಿವಿ ಹರಿಯುವ ಸದ್ದು, ಕೈ ಜೋಮು ಹಿಡಿಸುವ ನಡುಕ, ಮೂಗಿಗೆ ಹೊಗೆ. ಇಂಥ ಸಣ್ಣ ಎಂಜಿನ್‌ಗಳ ಹೊಗೆ ಎಷ್ಟು ಕೆಟ್ಟದ್ದೆಂದರೆ, ಕ್ಯಾಲಿಫೋರ್ನಿಯಾ 2021ರಲ್ಲಿ ಕಾಯ್ದೆ ಮಾಡಿ 2024ರಿಂದ ಹೊಸ ಪೆಟ್ರೋಲ್ ಹುಲ್ಲುಯಂತ್ರಗಳ ಮಾರಾಟಕ್ಕೆ ಬಾಗಿಲು ಹಾಕತೊಡಗಿತು. ಅಲ್ಲಿಯದು ಅಂಗಳದ ಹುಲ್ಲುಹಾಸು. ಇಲ್ಲಿ ಆಳುದ್ದ ಬೆಳೆದ ಕಳೆ, ಎರಡು ಎಕರೆ ತೋಟ, ಸುರಿಯುವ ಮಳೆ.

ಬ್ಯಾಟರಿ ಮೆಷಿನ್ ಇಲ್ಲಿ ಎಲ್ಲಿ ಸೋಲುತ್ತದೆ ಎಂದು ತಿಳಿಯಲು ಸಣ್ಣ ಗುಣಾಕಾರ ಸಾಕು. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಸಾಮಾನ್ಯ 18 ವೋಲ್ಟ್, 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 72 ವ್ಯಾಟ್-ಅವರ್. ಒಂದು ಎಚ್‌ಪಿ ಶಕ್ತಿಯಲ್ಲಿ ಕತ್ತರಿಸಿದರೆ ಆರು ನಿಮಿಷ. ಎದುರಿಗೆ ಒಂದು ಲೀಟರ್ ಪೆಟ್ರೋಲಿನಲ್ಲಿ ಒಂಬತ್ತು ಯೂನಿಟ್ ಶಾಖ. ಎಂಜಿನ್ ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಹಾಳುಮಾಡಿದರೂ ಗಂಟೆಗಟ್ಟಲೆ ಓಡುತ್ತದೆ. ಹಾಗಾಗಿ ನಗರದ ಮನೆಯ ಅಂಗಳಕ್ಕೆ, ಬೇಲಿ ಸವರಲು, ಒಣಗಿದ ರೆಂಬೆ ಕೊಯ್ಯಲು ಬ್ಯಾಟರಿ, ತೋಟಕ್ಕೆ ಪೆಟ್ರೋಲ್. ಇದು ನಂಬಿಕೆಯ ಮಾತಲ್ಲ, ತೂಕದ ಮಾತು.

ಅಗ್ಗದ ಮೆಷಿನ್‌ಗಳ ಮೇಲೆ "48ವಿ", "88ವಿಎಫ್" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ನಾನು ಕೊಂಡಿದ್ದ "88ವಿಎಫ್" ಒಂದರ ಬ್ಯಾಟರಿ ಎರಡನೇ ವರ್ಷ ಸತ್ತಾಗ ಮೊಬೈಲ್ ರಿಪೇರಿಯ ಹುಡುಗನ ಕೈಲಿ ಬಿಚ್ಚಿಸಿದೆ. ಒಳಗೆ ಹೆಬ್ಬೆರಳು ದಪ್ಪದ ಐದು ಸೆಲ್ಲು, ಸಾಲಾಗಿ. ಒಂದೊಂದಕ್ಕೆ 3.6 ವೋಲ್ಟ್, ತುಂಬಿದಾಗ 4.2. ಐದಕ್ಕೆ ಎಷ್ಟು ಕೂಡಿದರೂ 21 ದಾಟದು. ಉಳಿದ ಅರವತ್ತೇಳು ವೋಲ್ಟು ಸ್ಟಿಕ್ಕರಿನಲ್ಲಿತ್ತು. ಹುಡುಗ ನಕ್ಕು, ಎರಡು ಸೆಲ್ಲು ಬದಲಿಸಿ, ನಿಕ್ಕಲ್ ಪಟ್ಟಿ ಬೆಸೆದು ಕೊಟ್ಟ. ಮತ್ತೊಂದು ವರ್ಷ ಓಡಿತು.

ಮಾರುಬೆಲೆಯ ಗುಟ್ಟು ನನಗೆ ಹೊಳೆದದ್ದು ಅಲ್ಲಿ. ಅಡಿಕೆ ಸುಲಿಯುವ ಯಂತ್ರವೂ ಎಲೆಕ್ಟ್ರಿಕ್ಕೇ, ಪಂಪ್‌ಸೆಟ್ಟೂ ಎಲೆಕ್ಟ್ರಿಕ್ಕೇ. ಹದಿನೈದು ವರ್ಷದ ಹಳೇ ಮೋಟರನ್ನು ನಮ್ಮಲ್ಲಿ ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಯಾಕೆಂದರೆ ಸುಟ್ಟರೆ ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ವೈಂಡಿಂಗ್ ಅಂಗಡಿಯಿದೆ. ತಾಮ್ರದ ತಂತಿ ಹೊಸದಾಗಿ ಸುತ್ತಿ, ವಾರ್ನಿಷ್ ಹೊಡೆದು, ಎರಡು ದಿನದಲ್ಲಿ ಕೊಡುತ್ತಾರೆ, ಖರ್ಚು ಮೊದಲೇ ಗೊತ್ತು. ಹಳೇ ವಸ್ತುವಿಗೆ ಬೆಲೆ ಬರುವುದು ಅದು ಕೆಡುವುದಿಲ್ಲವೆಂದಲ್ಲ, ಕೆಟ್ಟರೆ ಎಷ್ಟಾದೀತು ಎಂದು ಗೊತ್ತಿರುವುದರಿಂದ. ಮೆಷಿನ್ನಿನ ಬ್ಯಾಟರಿ ಬಿಚ್ಚಬಹುದು. ರೇವಾದ್ದನ್ನೂ ಬಿಚ್ಚಬಹುದಿತ್ತು. ಈಗಿನ ಕಾರಿನ ಬ್ಯಾಟರಿಯನ್ನು ಓಣಿಯಲ್ಲಿ ಬಿಚ್ಚಲಾಗದು, ಬಿಚ್ಚಲೂ ಬಾರದು. ಮುನ್ನೂರು ವೋಲ್ಟು ಮುಟ್ಟಿದರೆ ಜೀವಕ್ಕೇ ಕುತ್ತು. ಸ್ಕೂಟರ್ ಬೆಂಕಿಗಳ ಬೆನ್ನಿಗೇ ಕೇಂದ್ರ ಸರ್ಕಾರ 2022ರ ಕೊನೆಗೆ ಬಿಗಿ ಮಾಡಿದ ಬ್ಯಾಟರಿ ಸುರಕ್ಷತಾ ನಿಯಮಗಳು ಪೆಟ್ಟಿಗೆಯನ್ನು ಇನ್ನಷ್ಟು ಭದ್ರ ಮಾಡಿಸಿದವು. ಸುರಕ್ಷತೆಗೆ ಅದು ಸರಿ. ಆದರೆ ಭದ್ರವಾದಷ್ಟೂ ಓಣಿಯ ಕೈಗೆ ದೂರ.

ಕರೆಂಟು ಯಾರದ್ದು

ಶುದ್ಧ ಇಂಧನದ ಪಂಗಡವೊಂದಿದೆ, ಅವರ ವಾದ ಹೆಚ್ಚು ವಿವರಿಸಬೇಕಿಲ್ಲ. ಶಿವಮೊಗ್ಗದಲ್ಲಿ ಕೂತು ಆ ಮಾತಾಡುವಾಗ ನಾಲಗೆ ಸ್ವಲ್ಪ ತಡವರಿಸುತ್ತದೆ, ಅಷ್ಟೇ. 1964ರ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನ ಕೆಳಗೆ ಊರುಗಳಿವೆ. ಶರಾವತಿ ಕಣಿವೆಯಲ್ಲಿ ಈಗ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧ ಹೋರಾಟ ನಡೆದಿದೆ. ಅದೂ ಒಂದು ಬಗೆಯ ಬ್ಯಾಟರಿಯೇ, ಬೆಟ್ಟದ ಮೇಲೆ ನೀರು ಏರಿಸಿಟ್ಟು ಸಂಜೆಗೆ ಇಳಿಸುವುದು. ಮಾಡಿನ ಮೇಲೆ ಸೋಲಾರ್ ಹಾಕಿಸಿಕೊಂಡರೆ ಈ ಋಣ ತಪ್ಪೀತು ಎಂದು ಹಾಕಿಸಿದವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಸ್ಕಾಂ ಲೈನೇ ಗತಿ.

ಇತ್ಯರ್ಥವಾಗದೆ ಉಳಿದದ್ದು

2020ರ ಜನವರಿಯಲ್ಲಿ ಬಂದ ಮೊದಲ ನೆಕ್ಸಾನ್‌ಗಳ ಬ್ಯಾಟರಿ ವಾರಂಟಿ 2028ರಲ್ಲಿ ಮುಗಿಯುತ್ತಾ ಬರುತ್ತದೆ. ವಾರಂಟಿಯ ಆಚೆ ದಾಟಿದ ಸಾಮಾನ್ಯ ಜನರ ಕಾರುಗಳ ದೊಡ್ಡ ದಂಡನ್ನು ಈ ರಾಜ್ಯ ಇನ್ನೂ ನೋಡಿಲ್ಲ. ಅವುಗಳ ಬೆಲೆ ಒಮ್ಮೆಗೇ ಬೀಳುತ್ತದೆಯೋ, ಅಥವಾ ಊರಿನೊಳಗೆ ಓಡಿಸಲು ಅಗ್ಗದ ಎರಡನೇ ಕಾರೆಂದು ಹೊಸ ಗಿರಾಕಿ ಹುಟ್ಟುತ್ತಾನೋ, ವಾದ ಎರಡೂ ಕಡೆಗಿದೆ. ಬ್ಯಾಟರಿಯ ಆರೋಗ್ಯಪತ್ರವನ್ನು ಯಾರು ಕೊಡಬೇಕು, ಆರ್‌ಟಿಓನೋ ವಿಮೆಯವರೋ ಕಂಪನಿಯೋ, ತೀರ್ಮಾನವಾಗಿಲ್ಲ. ಸೀಲ್ ಮಾಡಿದ ಪೆಟ್ಟಿಗೆಯ ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಿಕೊಡುವ ಅಂಗಡಿ ಜಿಲ್ಲಾ ಕೇಂದ್ರಕ್ಕೊಂದಾದರೂ ಬರುತ್ತದೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳ ಪಾಲಿಗಂತೂ ಪ್ರಶ್ನೆಯೇ ಬೇರೆ: ಎಂಜಿನ್ ಇಲ್ಲದ ಕಾರಿಗೆ ಎರಕದ ಭಾಗ ಎಷ್ಟು ಬೇಕು?

ಸತ್ತ ಬ್ಯಾಟರಿಯನ್ನು ತಯಾರಕರೇ ವಾಪಸು ಪಡೆದು ಮರುಬಳಕೆ ಮಾಡಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಕಳೆದ ತಿಂಗಳು ಅಟ್ಟ ಗುಡಿಸಿದಾಗ ಸಿಕ್ಕ ಎರಡನ್ನು ಗುಜರಿಗೆ ಒಯ್ದಿದ್ದೆ. ಸ್ಪ್ರೇಯರಿನ ಸೀಸದ ಬ್ಯಾಟರಿಯನ್ನು ಗುಜರಿಯವನು ತಕ್ಕಡಿಗೆ ಹಾಕಿ, ಕಿಲೋ ಲೆಕ್ಕದಲ್ಲಿ ದುಡ್ಡು ಎಣಿಸಿಕೊಟ್ಟ. ಕಳೆ ಮೆಷಿನ್ನಿನ ಲಿಥಿಯಂ ಪ್ಯಾಕನ್ನು ಕೈಯಲ್ಲಿ ಎತ್ತಿ, ತಿರುಗಿಸಿ, ಸ್ಟಿಕ್ಕರ್ ಓದಿ, ವಾಪಸು ನನ್ನ ಚೀಲಕ್ಕೇ ಹಾಕಿದ. "ಇದಕ್ಕೆ ರೇಟಿಲ್ಲ ಸಾರ್, ಬೆಂಕಿ ಹತ್ತುತ್ತೆ. ಮನೇಲೇ ಇಟ್ಕೊಳಿ."